ದಟ್ಟ ಕೆಂಪು ವೈನ್: ಗುಟುಕಿನ ನಂತರದ ಒಂದು ನಿಮಿಷ

ದಟ್ಟವಾದ ಕೆಂಪು ವೈನ್ ಒಂದನ್ನು ಜನ ಮೆಚ್ಚುವುದೂ ದೂರುವುದೂ ಸಾಮಾನ್ಯವಾಗಿ ಮೊದಲ ಗುಟುಕಿನಲ್ಲೇ ಮುಗಿದುಹೋಗುತ್ತದೆ. ಗ್ಲಾಸಿನಲ್ಲಿ ಕಪ್ಪಗೆ ನಿಂತ ಬಣ್ಣ, ಮೂಗಿಗೆ ಹೊಡೆಯುವ ಹಣ್ಣಿನ ಕಂಪು, ಬಾಯಿ ತುಂಬುವ ಭಾರ, ಗಂಟಲಿಗೆ ತಗಲುವ ಬಿಸಿ, ಇವೆಲ್ಲ ಒಟ್ಟಿಗೇ ಎರಗುವುದರಿಂದ ಇದು ದೊಡ್ಡ ವೈನ್ ಎಂಬ ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಇಂಥ ವೈನ್‌ನ ಯೋಗ್ಯತೆ ತಿಳಿಯುವುದು ಅದನ್ನು ನುಂಗಿದ ಮೇಲಿನ ಒಂದು ನಿಮಿಷದಲ್ಲಿ ಎಂಬುದು ಬಹಳ ಕಾಲದಿಂದ ನನ್ನಲ್ಲಿ ಗಟ್ಟಿಯಾಗಿರುವ ನಂಬಿಕೆ. ಹಣ್ಣಿನ ಕಂಪು ಇಳಿದು, ಆಲ್ಕೋಹಾಲಿನ ಕಾವು ಆರಿ, ವಸಡಿನ ಮೇಲೂ ಕೆನ್ನೆಯ ಒಳಬದಿಯಲ್ಲೂ ಒಗರು ಮಾತ್ರ ನಿಲ್ಲುವ ಆ ಹೊತ್ತಿನಲ್ಲಿ ವೈನ್ ಯಾವುದನ್ನೂ ಮುಚ್ಚಿಡಲಾರದು. ದ್ರಾಕ್ಷಿ ಹಣ್ಣಾದ ಬಗೆ, ವೈನ್ ಮಾಡಿದವರ ಕೈಯ ಹದ, ಮುಂದೆ ಇಟ್ಟರೆ ಅದು ಮಾಗುವ ಸಾಧ್ಯತೆ, ಇವೆಲ್ಲದರ ಗುರುತು ಸಿಗುವುದು ಅಲ್ಲಿ.

ಬಣ್ಣದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ. ಕೆಂಪು ವೈನ್‌ಗೆ ಬಳಸುವ ಬಹುಪಾಲು ದ್ರಾಕ್ಷಿ ತಳಿಗಳ ರಸಕ್ಕೆ ಹೇಳಿಕೊಳ್ಳುವಂಥ ಬಣ್ಣವೇ ಇರುವುದಿಲ್ಲ. ಕೆಂಪೂ ನೇರಳೆಯೂ ಇರುವುದು ಸಿಪ್ಪೆಯಲ್ಲಿ. ರಸವನ್ನು ಸಿಪ್ಪೆ, ಬೀಜಗಳ ಜೊತೆಗೇ ಹುದುಗಲು ಬಿಟ್ಟಾಗ ಆಂಥೋಸಯಾನಿನ್ ಎಂಬ ವರ್ಣದ್ರವ್ಯಗಳು ರಸಕ್ಕಿಳಿಯುತ್ತವೆ, ಅವುಗಳ ಬೆನ್ನಿಗೇ ಒಗರಿಗೆ ಕಾರಣವಾದ ಟ್ಯಾನಿನ್‌ಗಳೂ ಇಳಿಯುತ್ತವೆ. ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆಯಾಗಿ ಹಿಡಿದು, ವೈನ್ ತೆಳುವಾಗಿ ಹರಡಿಕೊಳ್ಳುವ ಅಂಚನ್ನು ನೋಡಬೇಕು. ಎಳೆಯ ವೈನ್ ಆದರೆ ಆ ಅಂಚು ನೇರಳೆಯಾಗಿ, ಕೆಲವೊಮ್ಮೆ ನೀಲಿಯ ಕಡೆಗೆ ವಾಲಿದಂತೆ ಕಾಣುತ್ತದೆ. ವರ್ಷಗಳು ಕಳೆದಂತೆ ಅದು ಮಾಣಿಕ್ಯದ ಕೆಂಪಿಗೆ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ನಂಬಿಕೆಯಿಂದ ಹೇಳಬಲ್ಲದ್ದು ಇಷ್ಟೇ, ವಯಸ್ಸಿನ ಸುಳಿವು ಮತ್ತು ತಳಿಯ ಬಗ್ಗೆ ಒಂದು ಊಹೆ. ವೈನ್‌ನ ಬಲವನ್ನು ಬಣ್ಣದಿಂದ ಅಳೆಯಲು ಬಾರದು.

ಇದಕ್ಕೆ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಬರೋಲೊಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ನೆಬ್ಬಿಯೋಲೊ ಎಂಬ ಒಂದೇ ತಳಿಯಿಂದ ತಯಾರಾಗುವ ಈ ವೈನ್ ಮಾರುಕಟ್ಟೆಗೆ ಬರುವ ಮೊದಲು ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು ಎಂಬುದು ಅಲ್ಲಿನ ನಿಯಮ. ಗ್ಲಾಸಿಗೆ ಸುರಿದಾಗ ಅದು ಆಚೆ ಬದಿಯ ಬೆರಳು ಕಾಣುವಷ್ಟು ತಿಳಿಯಾಗಿರುತ್ತದೆ, ಗುಲಾಬಿಯ ಕಂಪು ಬೇರೆ ಸೂಸುತ್ತಿರುತ್ತದೆ. ಮೃದುವಾದ ವೈನ್ ಎಂದುಕೊಂಡು ಗುಟುಕರಿಸಿದವರ ಬಾಯಿಯನ್ನು ಅದರ ಒಗರು ಬಿಗಿಹಿಡಿಯುತ್ತದೆ. ಇನ್ನೊಂದೆಡೆ, ಕಣ್ಣಿಗೆ ಕಪ್ಪಾಗಿ ಕಾಣುವ ಎಷ್ಟೋ ವೈನ್‌ಗಳು ನುಂಗಿದ ಮರುಕ್ಷಣವೇ ಬಾಯಿಯಿಂದ ಮರೆಯಾಗುತ್ತವೆ.

ಕಣ್ಣು ಮೂಗಿಗೆ ಎಷ್ಟರ ಮಟ್ಟಿಗೆ ಪಾಠ ಹೇಳಿಕೊಡುತ್ತದೆ ಎಂಬುದಕ್ಕೆ 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೋದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಜಿಲ್ ಮೊರೊ, ಫ್ರೆಡೆರಿಕ್ ಬ್ರೊಶೆ ಮತ್ತು ಡೆನಿ ಡ್ಯುಬೊರ್ದಿಯು ಅವರು ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಒಂದು ಬಿಳಿ ವೈನ್ ಮತ್ತು ಅದೇ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಮಾದರಿಯನ್ನು ಕೊಟ್ಟು ವರ್ಣಿಸಲು ಹೇಳಿದರು. ಬಣ್ಣ ಬೆರೆಸಿದ ವೈನ್‌ಗೆ ಅವರು ಬಳಸಿದ್ದು ಕೆಂಪು ವೈನ್‌ಗೆ ಮೀಸಲಾದ ಪದಗಳನ್ನು. ಈ ಪ್ರಯೋಗವನ್ನು ಮುಂದಿಟ್ಟುಕೊಂಡು ವೈನ್ ರುಚಿ ನೋಡುವುದೇ ಒಂದು ಸೋಗು ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಆ ವಿದ್ಯಾರ್ಥಿಗಳು ಮೂಸಿ ವರ್ಣಿಸಿದ್ದು ಪರಿಮಳವನ್ನು, ಪರಿಮಳವೋ ಕಣ್ಣು ಕೊಡುವ ಸೂಚನೆಗೆ ಬಹುಬೇಗ ಮಣಿಯುವಂಥದು. ವಸಡಿನ ಮೇಲೆ ಬಂದು ಕೂರುವ ಒಗರನ್ನು ಬಣ್ಣ ಬೆರೆಸಿ ಹುಟ್ಟಿಸಲು ಸಾಧ್ಯವಿಲ್ಲ.

ಗ್ಲಾಸನ್ನು ತಿರುಗಿಸಿದಾಗ ಒಳಗೋಡೆಯ ಮೇಲಿಂದ ಹನಿಹನಿಯಾಗಿ ಇಳಿದು ಬರುವ ಗೆರೆಗಳನ್ನು ಕೂಡ ಜನ ಗುಣಮಟ್ಟದ ಗುರುತೆಂದು ತೋರಿಸುತ್ತಾರೆ. ಗೋಡೆಗೆ ಅಂಟಿದ ತೆಳುಪದರದಿಂದ ಆಲ್ಕೋಹಾಲ್ ಬೇಗ ಆವಿಯಾಗಿ, ಅಲ್ಲಿ ಮೇಲ್ಮೈ ಸೆಳೆತ ಹೆಚ್ಚಿ, ಕೆಳಗಿನ ವೈನ್ ಮೇಲಕ್ಕೆ ಎಳೆಯಲ್ಪಟ್ಟು ಹನಿಗಟ್ಟುತ್ತದೆ ಎಂದು ಎಂಜಿನಿಯರ್ ಜೇಮ್ಸ್ ಥಾಮ್ಸನ್ 1855ರಲ್ಲೇ ವಿವರಿಸಿದ್ದರು. ವೈನ್‌ನಲ್ಲಿ ಆಲ್ಕೋಹಾಲ್ ಹೆಚ್ಚಿದೆ ಎಂಬುದರ ಆಚೆಗೆ ಆ ಗೆರೆಗಳಿಂದ ತಿಳಿಯುವುದು ಕಡಿಮೆ.

ಪರಿಮಳದ ವಿಚಾರ ಬಹಳ ಸೊಗಸಾದದ್ದು. ದಟ್ಟ ಕೆಂಪು ವೈನ್‌ಗಳ ವರ್ಣನೆಯಲ್ಲಿ ಕಾಳುಮೆಣಸು, ಲವಂಗ, ವೆನಿಲ್ಲಾ ಎಂಬ ಮಾತುಗಳು ಬಂದಾಗ ಅವು ಬರೆದವರ ಕಲ್ಪನೆ ಎಂದು ಓದುಗರಿಗೆ ಅನಿಸುವುದುಂಟು. ವಾಸ್ತವದಲ್ಲಿ ಅವುಗಳ ಹಿಂದೆ ಹೆಸರಿಟ್ಟು ಕರೆಯಬಹುದಾದ ವಸ್ತುಗಳಿವೆ. ಸಿರಾ ತಳಿಯ ವೈನ್‌ಗೆ ಮೆಣಸಿನ ಘಾಟು ಕೊಡುವ ರೊಟುಂಡೋನ್ ಎಂಬ ಸಂಯುಕ್ತವನ್ನು ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನಲ್ಲಿ ಇರುವುದೂ ಅದೇ ಸಂಯುಕ್ತ. ಒಂದು ಲೀಟರ್ ವೈನ್‌ನಲ್ಲಿ ಒಂದು ಗ್ರಾಮಿನ ಕೋಟ್ಯಂತರ ಪಾಲಿನ ಒಂದಂಶ ಇದ್ದರೂ ಮೂಗು ಅದನ್ನು ಹಿಡಿಯಬಲ್ಲದು. ಆದರೆ ಆ ವಿಜ್ಞಾನಿಗಳ ಪರೀಕ್ಷೆಯಲ್ಲಿ ಭಾಗವಹಿಸಿದವರ ಪೈಕಿ ಸುಮಾರು ಐದರಲ್ಲಿ ಒಬ್ಬರಿಗೆ, ಬೆರೆಸಿ ನೋಡಿದ ಅತಿ ಹೆಚ್ಚಿನ ಪ್ರಮಾಣದಲ್ಲೂ ಅದರ ವಾಸನೆಯೇ ತಿಳಿಯಲಿಲ್ಲ. ಒಂದೇ ಬಾಟಲಿಯ ವೈನ್ ಕುಡಿದ ಇಬ್ಬರು ಅದರಲ್ಲಿ ಮೆಣಸಿದೆ, ಇಲ್ಲ ಎಂದು ವಾದಿಸಿದರೆ ಇಬ್ಬರ ಮಾತೂ ನಿಜವಾಗಿರಬಹುದು. ವೆನಿಲ್ಲಾ ಮತ್ತು ಲವಂಗದ ಕಂಪು ಬರುವುದು ದ್ರಾಕ್ಷಿಯಿಂದಲ್ಲ, ವೈನ್ ಮಾಗಿದ ಓಕ್ ಪೀಪಾಯಿಯಿಂದ. ಮರದಲ್ಲಿ ಅವೇ ಪರಿಮಳದ್ರವ್ಯಗಳಿರುತ್ತವೆ, ಪೀಪಾಯಿಯ ಒಳಗನ್ನು ಬೆಂಕಿಗೆ ಹಿಡಿದು ಸುಟ್ಟಾಗ ಇನ್ನಷ್ಟು ಹೊರಬರುತ್ತವೆ. ಬೋರ್ಡೋದಲ್ಲಿ ರೂಢಿಯಾಗಿ ಎಲ್ಲೆಡೆ ಹಬ್ಬಿದ 225 ಲೀಟರಿನ ಚಿಕ್ಕ ಪೀಪಾಯಿ ಹೊಸದಾಗಿದ್ದಷ್ಟೂ ಈ ಕಂಪು ಹೆಚ್ಚು. ಅದು ಹಿತಮಿತವಾಗಿದ್ದರೆ ವೈನ್‌ಗೆ ಒಪ್ಪುತ್ತದೆ. ದ್ರಾಕ್ಷಿಯ ಗುಣವನ್ನೇ ನುಂಗಿಹಾಕುವಷ್ಟು ಮರದ ವಾಸನೆ ಬಂದಾಗ ನನಗೆ ಬೇಸರವಾಗುತ್ತದೆ, ಎಷ್ಟು ದುಬಾರಿ ಬಾಟಲಿಯೇ ಆದರೂ.

ಇನ್ನು ಒಗರಿನ ವಿಚಾರ. ಒಗರನ್ನು ನಾವು ರುಚಿಗಳ ಸಾಲಿಗೆ ಸೇರಿಸಿ ಮಾತಾಡುತ್ತೇವಾದರೂ ವೈನ್‌ನಲ್ಲಿ ಅದು ಬಹುಮಟ್ಟಿಗೆ ಸ್ಪರ್ಶದ ಅನುಭವ. ಬಾಯಿಯನ್ನು ಸದಾ ನುಣುಪಾಗಿ ಇಟ್ಟಿರುವುದು ಜೊಲ್ಲಿನಲ್ಲಿರುವ ಪ್ರೋಟೀನುಗಳು. ಟ್ಯಾನಿನ್ ಆ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳನ್ನು ಗಟ್ಟಿಗೊಳಿಸಿ ಬೇರ್ಪಡಿಸುತ್ತದೆ, ನುಣುಪು ಹೋಗಿ ನಾಲಗೆಗೂ ಅಂಗುಳಕ್ಕೂ ನಡುವೆ ಉಜ್ಜಾಟ ಉಂಟಾಗುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಎಳೆಯ, ಒಗರು ಹೆಚ್ಚಿರುವ ವೈನ್ ಒಂದನ್ನು ಬಾಯಲ್ಲಿ ಹತ್ತಿಪ್ಪತ್ತು ಸೆಕೆಂಡು ಮುಕ್ಕಳಿಸಿ ಬಿಳಿ ಬಟ್ಟಲಿಗೆ ಉಗುಳಬೇಕು. ಬಾಯಿಗೆ ಹೋಗುವಾಗ ತಿಳಿಯಾಗಿದ್ದ ವೈನ್‌ನಲ್ಲಿ ಈಗ ನೇರಳೆ ಬಣ್ಣದ ಎಳೆಗಳೂ ಸಣ್ಣ ಚೂರುಗಳೂ ತೇಲುತ್ತಿರುತ್ತವೆ. ಅವು ಟ್ಯಾನಿನ್ ಹಿಡಿದೆಳೆದ ನಮ್ಮದೇ ಜೊಲ್ಲಿನ ಪ್ರೋಟೀನು. ನೋಡಲು ಅಂದವಾದ ದೃಶ್ಯವಲ್ಲ, ಆದರೆ ಇದನ್ನು ಒಮ್ಮೆ ನೋಡಿದವರಿಗೆ ಒಗರು ಎಂದರೇನು ಎಂಬುದನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಎಲ್ಲ ಒಗರೂ ಒಂದೇ ಅಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ನುಂಗಿದ ಮೇಲೆ ಬಾಯಿ ಮುಚ್ಚಿಕೊಂಡು, ನಾಲಗೆಯ ತುದಿಯನ್ನು ಮೇಲ್ದುಟಿಯ ಒಳಗಿನ ವಸಡಿನ ಮೇಲೆ ನಿಧಾನವಾಗಿ ಎಳೆಯಬೇಕು. ಒಂದು ವೈನ್‌ನ ಒಗರು ಅಲ್ಲಿ ಹಸಿ ಉಣ್ಣೆಯ ಕಂಬಳಿಯಂತೆ ಚುಚ್ಚುತ್ತದೆ, ಇನ್ನೊಂದರದು ಅಷ್ಟೇ ಪ್ರಬಲವಾಗಿದ್ದರೂ ಎಲ್ಲ ಕಡೆ ಸಮನಾಗಿ, ಸಣ್ಣಗೆ, ಹರಳು ತಗಲದಂತೆ ಹರಡಿರುತ್ತದೆ. ಮೊದಲನೆಯದಕ್ಕೆ ಹೆಚ್ಚಿನ ವೇಳೆ ದ್ರಾಕ್ಷಿ ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದದ್ದು, ಇಲ್ಲವೇ ಬೀಜದ ಕಹಿ ಇಳಿಯುವಷ್ಟು ಒತ್ತಿ ಹಿಂಡಿದ್ದು ಕಾರಣವಾಗಿರುತ್ತದೆ. ಎರಡನೆಯದರಲ್ಲಿ ಸಿಪ್ಪೆ ಚೆನ್ನಾಗಿ ಬಲಿತಿರುತ್ತದೆ, ತಯಾರಿಸಿದವರು ಆತುರಪಟ್ಟಿರುವುದಿಲ್ಲ. ಒಗರು ಎಲ್ಲಿ ಕೂರುತ್ತದೆ ಎಂಬುದನ್ನೂ ಗಮನಿಸುವುದು ನನ್ನ ರೂಢಿ. ನಾಲಗೆಯ ನಡುಭಾಗವನ್ನು ಮಾತ್ರ ಒಣಗಿಸಿ, ಕಹಿಯೊಂದಿಗೆ ಮುಗಿಯುವ ಒಗರಿನ ಮೇಲೆ ನನಗೆ ಭರವಸೆಯಿಲ್ಲ. ಕೆನ್ನೆಗಳನ್ನು, ವಸಡನ್ನು ಒಟ್ಟಾಗಿ ಹಿಡಿದು, ಹಿಂದೆಯೇ ಹುಳಿಯಿಂದ ಬಾಯಲ್ಲಿ ನೀರೂರಿಸಿ ಮತ್ತೊಂದು ಗುಟುಕಿಗೆ ಕರೆಯುವ ಒಗರು ದೊರೆತರೆ ಆ ವೈನ್ ನೆನಪಿನಲ್ಲಿ ಉಳಿಯುತ್ತದೆ.

ಒಂದೇ ತಳಿ ಎರಡು ನೆಲಗಳಲ್ಲಿ ಎಷ್ಟು ಬೇರೆಯಾಗಿ ಒಗರಾಗಬಲ್ಲದು ಎಂಬುದನ್ನು ಮಾಲ್ಬೆಕ್ ತೋರಿಸಿಕೊಡುತ್ತದೆ. ಇದರ ತವರು ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಲೋಟ್ ನದಿಯ ತೀರದ ಕಾಓರ್. ಅಲ್ಲಿನ ವೈನ್‌ಗೆ ಶತಮಾನಗಳಿಂದ ಕಪ್ಪು ವೈನ್ ಎಂಬ ಹೆಸರು. 1971ರಿಂದ ಅದಕ್ಕೆ ಸ್ಥಳನಾಮದ ಅಧಿಕೃತ ಮಾನ್ಯತೆಯಿದೆ, ಕನಿಷ್ಠ ಶೇ. 70ರಷ್ಟು ಮಾಲ್ಬೆಕ್ ಇರಬೇಕೆಂಬ ನಿಯಮವಿದೆ. 1853ರಲ್ಲಿ ಮಿಶೆಲ್ ಎಮೆ ಪೂಜೆ ಎಂಬ ಫ್ರೆಂಚ್ ಕೃಷಿತಜ್ಞ ಈ ತಳಿಯನ್ನು ಅರ್ಜೆಂಟೀನಾಕ್ಕೆ ತಂದರು. ಆಂಡಿಸ್ ಪರ್ವತದ ಬುಡದಲ್ಲಿ, ಮೆಂಡೋಸಾದ ಒಣ ಹವೆಯಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲೂ ಅದಕ್ಕಿಂತ ಎತ್ತರದಲ್ಲೂ ಅದು ಬೇರೊಂದು ಬಾಳನ್ನು ಕಂಡುಕೊಂಡಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಕುಡಿದರೆ ಮೆಂಡೋಸಾದ್ದು ಮೊದಲ ಗುಟುಕಿಗೇ ಸ್ನೇಹ ಬೆಳೆಸುತ್ತದೆ; ಮಾಗಿದ ಪ್ಲಮ್ ಹಣ್ಣಿನ ಕಂಪು, ದುಂಡಗಿನ ಮೈ, ಸಿಹಿಯಲ್ಲದಿದ್ದರೂ ಸಿಹಿಯ ಭಾವ. ಕಾಓರ್‌ನದು ಬಿಗಿ, ಮಣ್ಣಿನ ವಾಸನೆ, ಚುರುಕಾದ ಹುಳಿ, ಕಡೆಯಲ್ಲಿ ಪಟ್ಟು ಸಡಿಲಿಸದ ಒಗರು. ಕೇಳಿದವರಿಗೆ ನಾನು ಮೊದಲು ಕೊಡುವುದು ಮೆಂಡೋಸಾದ ಬಾಟಲಿ. ನನಗಾಗಿ ತೆಗೆದಿಡುವುದು ಕಾಓರ್‌ನದು.

ಅದೇ ಫ್ರೆಂಚ್ ನೈಋತ್ಯದ ಮದಿರಾನ್‌ನಲ್ಲಿ ಬೆಳೆಯುವ ತನ್ನಾ ತಳಿಯಂತೂ ಒಗರಿಗೆ ಹೆಸರುವಾಸಿ. ಅದರ ಎಳೆಯ ವೈನ್‌ಗಳ ಬಿರುಸನ್ನು ಹದಕ್ಕೆ ತರಲು ಪ್ಯಾಟ್ರಿಕ್ ಡ್ಯುಕುರ್ನೋ ಎಂಬ ತಯಾರಕರು 1990ರ ದಶಕದ ಆರಂಭದಲ್ಲಿ ಒಂದು ವಿಧಾನವನ್ನು ರೂಪಿಸಿದರು: ತೊಟ್ಟಿಯಲ್ಲಿರುವ ವೈನ್‌ನೊಳಗೆ ಆಮ್ಲಜನಕವನ್ನು ಅತಿ ಸಣ್ಣ ಗುಳ್ಳೆಗಳಾಗಿ, ಅಳತೆಯಿಟ್ಟು ಹಾಯಿಸುವುದು. ಪೀಪಾಯಿಯ ಮರದ ಮೂಲಕ ಒಸರಿ ಬರುವ ಗಾಳಿ ತಿಂಗಳುಗಟ್ಟಲೆ ಮಾಡುವ ಕೆಲಸ ಹೀಗೆ ಬೇಗ ಆಗುತ್ತದೆ. ಈ ವಿಧಾನ ಮದಿರಾನ್‌ನಿಂದ ಜಗತ್ತಿನ ಎಷ್ಟೋ ಕಡೆಗೆ ಹಬ್ಬಿತು. ಮೊನಚೆಲ್ಲವನ್ನೂ ಸವೆಸಿಬಿಟ್ಟ ವೈನ್‌ಗಳೂ ಇದರಿಂದ ಬಂದಿವೆ ಎಂಬ ಟೀಕೆಯನ್ನು ನಾನು ಅರ್ಧ ಒಪ್ಪುತ್ತೇನೆ. ಒಗರನ್ನು ಪಳಗಿಸುವುದು ಬೇರೆ, ಅದರ ಗುರುತೇ ಇಲ್ಲದಂತೆ ಮಾಡುವುದು ಬೇರೆ. ಒಗರಿಲ್ಲದ ದಟ್ಟ ವೈನ್‌ಗೆ ಬೆನ್ನೆಲುಬಿರುವುದಿಲ್ಲ. ಎರಡನೆಯ ಗ್ಲಾಸಿನ ಹೊತ್ತಿಗೆ ಬಾಯಿ ಬೇಡವೆನ್ನುತ್ತದೆ.

ರುಚಿ ನೋಡುವ ಸಿದ್ಧತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಟ್ಟೆ ಅಗಲವಾಗಿ, ಬಾಯಿ ಕಿರಿದಾಗಿರುವ ಗ್ಲಾಸು, ಅದರ ಮೂರನೇ ಒಂದು ಭಾಗದಷ್ಟು ವೈನ್, ಸುತ್ತ ಬೇರೆ ವಾಸನೆಯಿಲ್ಲದ ಜಾಗ, ಇಷ್ಟಿದ್ದರೆ ಸಾಕು. ತಾಪಮಾನ ಮಾತ್ರ ತುಂಬ ಮುಖ್ಯ. 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಟ್ಟ ಕೆಂಪು ವೈನ್ ತನ್ನ ಹದದಲ್ಲಿರುತ್ತದೆ. ಅದಕ್ಕಿಂತ ತೀರ ತಣ್ಣಗಾದರೆ ಪರಿಮಳ ಮುದುಡಿ ಒಗರೂ ಕಹಿಯೂ ಎದ್ದು ಬರುತ್ತವೆ. ಬೆಚ್ಚಗಾದರೆ ಆಲ್ಕೋಹಾಲಿನ ಘಾಟು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸೆಕೆಯ ದಿನ ಬಾಟಲಿಯನ್ನು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಲು ಯಾರೂ ಹಿಂಜರಿಯಬೇಕಾಗಿಲ್ಲ. ಬಿರಡೆ ತೆಗೆದ ಕೂಡಲೇ ಒದ್ದೆ ರಟ್ಟಿನ ವಾಸನೆ ಬಂದು, ಹಣ್ಣಿನ ಕಂಪು ಇಲ್ಲವಾಗಿದ್ದರೆ ಅದು ಬಿರಡೆಯ ಮೂಲಕ ಬಂದ ಟಿಸಿಎ ಎಂಬ ಸಂಯುಕ್ತದ ಕೆಲಸ. ಎಷ್ಟು ಹೊತ್ತು ಕಾದರೂ ಅಂಥ ಬಾಟಲಿ ಸರಿಹೋಗುವುದಿಲ್ಲ.

ಸರಿಯಿರುವ ಬಾಟಲಿಗೆ ಸಮಯ ಕೊಡಬೇಕು. ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಎಳೆಯ ಸಿರಾ ಒಂದನ್ನು ತೆರೆದಿಟ್ಟುಕೊಂಡು ಸಂಜೆಯಿಡೀ ಸ್ವಲ್ಪಸ್ವಲ್ಪವೇ ನೋಡುತ್ತ ಹೋಗುವುದು ನನಗೆ ಬಹಳ ಪ್ರಿಯವಾದ ಕೆಲಸ. ತೆರೆದ ಹೊಸತರಲ್ಲಿ ಅನೇಕ ವೇಳೆ ಗೀರಿದ ಬೆಂಕಿಕಡ್ಡಿಯ, ರಬ್ಬರಿನ ವಾಸನೆ ಬರುತ್ತದೆ, ಹಣ್ಣು ಎಲ್ಲೋ ಹಿಂದೆ ಅವಿತಿರುತ್ತದೆ. ಅರ್ಧ ಗಂಟೆಯಲ್ಲಿ ಆ ವಾಸನೆ ಹಾರಿಹೋಗಿ ಮೆಣಸಿನ ಘಾಟು, ಅದರ ಕೆಳಗೆ ಕಪ್ಪು ಆಲಿವ್‌ನ, ಹೊಗೆಯಾಡಿಸಿದ ಮಾಂಸದ ಕಂಪು ಏಳುತ್ತದೆ. ಎರಡು ಗಂಟೆ ಕಳೆದ ಮೇಲೆ ವಯೊಲೆಟ್ ಹೂವಿನ ಪರಿಮಳ ಬಿಚ್ಚಿಕೊಂಡರೆ ಆ ಸಂಜೆ ಸಾರ್ಥಕ. ಗಮನಿಸಬೇಕಾದ ಸಂಗತಿಯೆಂದರೆ, ಇಷ್ಟು ಹೊತ್ತಿನಲ್ಲಿ ಬದಲಾಗುವುದು ಮುಖ್ಯವಾಗಿ ಪರಿಮಳವೇ. ಕೆಲವು ಗಂಟೆಗಳ ಗಾಳಿಯಿಂದ ಟ್ಯಾನಿನ್ ಹೆಚ್ಚೇನೂ ಕರಗುವುದಿಲ್ಲ. ಹಣ್ಣಿನ ಕಂಪು ತುಂಬಿಕೊಂಡಾಗ ಅದೇ ಒಗರು ನಮಗೆ ಮೃದುವಾಗಿ ತೋರುತ್ತದೆ. ಆದ್ದರಿಂದ ಎರಡು ಗಂಟೆಯ ಬಳಿಕವೂ ವಸಡನ್ನು ಒರಟಾಗಿ ಕೆರೆಯುವ ವೈನ್‌ನ ದೋಷ ಗಾಳಿಗೆ ಸಿಗದಷ್ಟು ಆಳದಲ್ಲಿರುತ್ತದೆ.

ಗುಟುಕುಗಳ ನಡುವೆ ಬಿಡುವು ಕೊಡುವುದೂ ಅಷ್ಟೇ ಅಗತ್ಯ. ಒಗರು ಗುಟುಕಿನಿಂದ ಗುಟುಕಿಗೆ ಬಾಯಲ್ಲಿ ಕೂಡಿಕೊಳ್ಳುತ್ತ ಹೋಗುವುದರಿಂದ, ಬಿಡುವಿಲ್ಲದೆ ಕುಡಿದವರಿಗೆ ನಾಲ್ಕನೆಯ ಗುಟುಕಿನ ವೈನ್ ಮೊದಲನೆಯದಕ್ಕಿಂತ ಒರಟಾಗಿ ಕಾಣುತ್ತದೆ. ಸಾಲಾಗಿ ಹಲವು ವೈನ್ ಇಟ್ಟುಕೊಂಡು ತುಲನೆ ಮಾಡುವಾಗ ಕಡೆಯದಕ್ಕೆ ಅನ್ಯಾಯವಾಗುವುದು ಇದರಿಂದಲೇ. ನೀರು ಕುಡಿದು, ಸಪ್ಪೆಯ ಬ್ರೆಡ್ಡಿನ ಚೂರೊಂದನ್ನು ಅಗಿದು, ಜೊಲ್ಲು ಮತ್ತೆ ಊರುವ ತನಕ ಕಾಯಬೇಕು. ಹಲವು ವೈನ್‌ಗಳಿರುವಲ್ಲಿ ಉಗುಳುವುದೇ ಸರಿ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತನ್ನು ಯಾರೂ ನೆಪವಾಗಿ ಹಿಡಿಯಬಾರದು ಎಂಬುದು ನನ್ನ ಕಳಕಳಿ. ಆಲ್ಕೋಹಾಲ್‌ಗೆ ಸುರಕ್ಷಿತವಾದ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸ್ವಲ್ಪವನ್ನೇ ನಿಧಾನವಾಗಿ ನೋಡುವವರಿಗೆ ಈ ಬಗೆಯ ವೈನ್ ಕೊಡುವಷ್ಟನ್ನು ಹೆಚ್ಚು ಕುಡಿಯುವವರಿಗೆ ಕೊಡುವುದೂ ಇಲ್ಲ.

ಆಲ್ಕೋಹಾಲಿನ ಮಾತು ಬಂದದ್ದರಿಂದ ಅಮರೋನೆಯನ್ನು ನೆನೆಯಬೇಕು. ಇಟಲಿಯ ವೆರೋನಾದ ಸುತ್ತಲಿನ ಈ ವೈನ್‌ಗಾಗಿ ಕೊಯ್ದ ದ್ರಾಕ್ಷಿಯನ್ನು ಗಾಳಿಯಾಡುವ ಕೋಣೆಗಳಲ್ಲಿ ತಿಂಗಳುಗಟ್ಟಲೆ ಹರಡಿ ಬಾಡಿಸುತ್ತಾರೆ. ನೀರು ಆರಿ ಸಕ್ಕರೆ ಗಟ್ಟಿಯಾದ ಆ ಹಣ್ಣಿನಿಂದ ಬರುವ ವೈನ್‌ನಲ್ಲಿ ಕನಿಷ್ಠ ಶೇ. 14ರಷ್ಟು ಆಲ್ಕೋಹಾಲ್ ಇರಲೇಬೇಕು, ಬಹಳಷ್ಟು ಬಾಟಲಿಗಳಲ್ಲಿ ಶೇ. 15ನ್ನು ದಾಟಿರುತ್ತದೆ. ಅದರ ಒಳ್ಳೆಯ ಬಾಟಲಿಯಲ್ಲಿ ಆ ಕಾವು ಬೇರೆಯಾಗಿ ತಿಳಿಯುವುದೇ ಇಲ್ಲ, ಒಣಗಿದ ಚೆರ್ರಿಯ ಸಾಂದ್ರತೆಯೂ ಕಡೆಗೆ ಬರುವ ಸಣ್ಣ ಕಹಿಯೂ ಅದನ್ನು ಹೊತ್ತುಕೊಂಡಿರುತ್ತವೆ. ಅಂಕಿ ನೋಡಿ ವೈನ್ ಬಿಸಿ ಎಂದೋ ಹದ ಎಂದೋ ಹೇಳಲಾಗದು. ನುಂಗಿದ ಮೇಲೆ ಗಂಟಲಲ್ಲಿ ಉರಿಯೊಂದೇ ಉಳಿದರೆ ಹದ ತಪ್ಪಿದೆ ಎಂದರ್ಥ.

ಊಟದ ಜೊತೆಗಿನ ಹೊಂದಾಣಿಕೆಯೂ ಒಗರಿನ ಸುತ್ತಲೇ ಸುತ್ತುತ್ತದೆ. ಕೊಬ್ಬು ಮತ್ತು ಪ್ರೋಟೀನು ಇರುವ ಆಹಾರ ಟ್ಯಾನಿನ್‌ಗೆ ಜೊಲ್ಲನ್ನು ಬಿಟ್ಟು ಅಂಟಿಕೊಳ್ಳಲು ಬೇರೊಂದು ನೆಲೆ ಒದಗಿಸುತ್ತದೆ, ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಖಾರ ಆಲ್ಕೋಹಾಲಿನ ಉರಿಯನ್ನು ಏರಿಸುತ್ತದೆ, ಸಿಹಿಯ ಪಕ್ಕದಲ್ಲಿ ದಟ್ಟ ವೈನ್ ಹುಳಿಯಾಗಿ, ಕಹಿಯಾಗಿ, ಬಡವಾಗಿ ಕಾಣುತ್ತದೆ. ಇಷ್ಟು ತಿಳಿದವರು ಉಳಿದದ್ದನ್ನು ತಮ್ಮ ಬಾಯನ್ನೇ ಕೇಳಿಕೊಳ್ಳಬಹುದು.

ಬಾಟಲಿಯನ್ನು ಎಷ್ಟು ವರ್ಷ ಇಡಬಹುದು ಎಂಬ ಪ್ರಶ್ನೆಗೆ ಉತ್ತರವನ್ನೂ ನಾನು ಆ ಒಂದು ನಿಮಿಷದಲ್ಲೇ ಹುಡುಕುತ್ತೇನೆ. ಕಾಲ ಕಳೆದಂತೆ ಟ್ಯಾನಿನ್‌ಗಳೂ ವರ್ಣದ್ರವ್ಯಗಳೂ ಒಂದನ್ನೊಂದು ಹೆಣೆದುಕೊಂಡು, ಅದರಲ್ಲಿ ಒಂದು ಪಾಲು ಗಸಿಯಾಗಿ ಬಾಟಲಿಯ ತಳಕ್ಕೆ ಇಳಿಯುತ್ತದೆ, ಒಗರು ಸಣ್ಣಗಾಗುತ್ತದೆ, ಹಣ್ಣಿನ ಕಂಪಿನ ಜಾಗದಲ್ಲಿ ಚರ್ಮದ, ಒಣಗಿದ ತಂಬಾಕಿನೆಲೆಯ, ಕಾಡುಮಣ್ಣಿನ ಕಂಪು ಬರುತ್ತದೆ. ಆದರೆ ಒಗರು ಇದ್ದ ಮಾತ್ರಕ್ಕೆ ವೈನ್ ಮಾಗುತ್ತದೆ ಎನ್ನುವಂತಿಲ್ಲ. ಒಗರು ಇಳಿಯುವ ತನಕ ಜೊತೆ ನಿಲ್ಲಲು ಹುಳಿಯೂ ಬೇಕು, ಹಣ್ಣಿನ ಸಾರವೂ ಬೇಕು. ಅವಿಲ್ಲದಿದ್ದರೆ ಹಣ್ಣು ಮೊದಲು ಸತ್ತು ಒಣ ಒಗರು ಮಾತ್ರ ಉಳಿಯುತ್ತದೆ. ನುಂಗಿದ ಮೇಲೆ ಒಗರಿನ ಕೆಳಗಿಂದ ಹಣ್ಣು ಮತ್ತೊಮ್ಮೆ ಮೇಲೆದ್ದು ಬರುತ್ತಿದೆಯೇ, ಹುಳಿ ಬಾಯಲ್ಲಿ ನೀರೂರಿಸುತ್ತಿದೆಯೇ ಎಂದು ನೋಡುತ್ತೇನೆ. ಎರಡೂ ಹೌದಾದರೆ, ಕೈಗೆ ಎಟುಕುವ ಬೆಲೆಯಾದರೆ, ಒಂದರ ಬದಲು ಕೆಲವು ಬಾಟಲಿ ಕೊಂಡು, ತಂಪಾದ ಕತ್ತಲ ಜಾಗದಲ್ಲಿ ಮಲಗಿಸಿಟ್ಟು, ಎರಡು ಮೂರು ವರ್ಷಕ್ಕೊಂದರಂತೆ ತೆರೆದು ನೋಡುವುದು ಒಳ್ಳೆಯದು. ಮಾರುಕಟ್ಟೆಗೆ ಬರುವ ಬಹುಪಾಲು ವೈನ್ ಅಷ್ಟು ಕಾಲ ಬಾಳಲೆಂದು ಮಾಡಿದ್ದಲ್ಲ, ಕೆಲವೇ ವರ್ಷಗಳಲ್ಲಿ ಕುಡಿದರೆ ಚೆನ್ನ. ಹಳೆಯ ಬಾಟಲಿಯನ್ನು ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಆಮೇಲೆ ಕೈ ಅಲುಗದಂತೆ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಬಗ್ಗಿಸುತ್ತ, ಕತ್ತಿನ ಬಳಿ ಮೊದಲ ಕಪ್ಪು ಎಳೆ ಕಂಡ ಕೂಡಲೇ ನಿಲ್ಲಿಸಬೇಕು. ಹಾಗೆ ಬಗ್ಗಿಸಿದ ಹಳೆಯ ವೈನ್ ಎಳೆಯದರಂತೆ ಗಂಟೆಗಟ್ಟಲೆ ಗಾಳಿಯನ್ನು ತಾಳುವುದಿಲ್ಲ, ಆದ್ದರಿಂದ ಅದನ್ನು ತಡಮಾಡದೆ ಗ್ಲಾಸಿಗೆ ಸುರಿದುಕೊಳ್ಳಬೇಕು.